ಎದೆಮಟ್ಟದ ಪ್ಲಗ್ಗು

ಟೂವೂಂಬಾ
9 ಆಗಸ್ಟ್ 1986

ಮಗಳೇ ಡೆನೀಸ್,

ನಿನ್ನ ಕಾಗದ ಬಂತು. ಬಾಡಿಗೆ ಮನೆಯವನು ಮನೆ ಮಾರುತ್ತಿದ್ದಾನೆ, ಇನ್ನು ಬಾಡಿಗೆಯ ಸಹವಾಸವೇ ಬೇಡ, ನೀನೇ ಒಂದು ಮನೆ ಕೊಳ್ಳುತ್ತೀಯ ಎಂದು ಓದಿ ಸಂತೋಷಪಟ್ಟೆ. ಆದರೆ ನೋಡಿದ ಮೊದಲನೆಯ ಮನೆಯೇ ಮನಸ್ಸಿಗೆ ಬಂತು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಚಹಾ ಲೋಟ ಕೆಳಗಿಟ್ಟೆ. ಒಳಗೆ ಕಾಲಿಟ್ಟ ಕೂಡಲೆ ಕೇಕಿನ ಘಮ ಬಂತಂತೆ. ಹತ್ತಾರು ಜನ ಬೂಟುಗಾಲಲ್ಲಿ ಬಂದು ಕಪಾಟು ತೆರೆದು ನೋಡುವ ದಿನ ಯಾರಮ್ಮ ಕೇಕು ಬೇಯಿಸುತ್ತಾರೆ? ಬೇರೊಂದು ವಾಸನೆ ಮುಚ್ಚಬೇಕಾದವರು. ಒದ್ದೆ ಗೋಡೆಯ ವಾಸನೆ ಇರಬಹುದು, ಬೆಕ್ಕಿನದಿರಬಹುದು, ಇಲಿ ಸತ್ತದ್ದಿರಬಹುದು. ಆ ಮನೆ ಬಿಡು.

ಮನೆ ನೋಡುವ ವಿಷಯದಲ್ಲಿ ನನ್ನನ್ನು ನಂಬು. ನಾನು, ಪಕ್ಕದ ಮನೆಯ ಡಲ್ಸಿ ಇಬ್ಬರೂ ಪ್ರತಿ ಶನಿವಾರ ಈ ಊರಿನಲ್ಲಿ ಮಾರಾಟಕ್ಕಿರುವ ಮನೆಗಳನ್ನೆಲ್ಲ ಹೊಕ್ಕು ಬರುತ್ತೇವೆಂದು ನೀನು ಚಿಕ್ಕವಳಿದ್ದಾಗಿನಿಂದ ನಗುತ್ತೀಯ. ಒಂದನ್ನೂ ಕೊಂಡಿಲ್ಲ, ನಿಜ. ಕೊಳ್ಳುವ ಆಸೆ ಇಲ್ಲದವರಿಗೆ ಮಾತ್ರ ಮನೆ ಸರಿಯಾಗಿ ಕಾಣುತ್ತದೆ. ಆಸೆ ಹುಟ್ಟಿದ ಗಳಿಗೆಯಿಂದ ಕಣ್ಣು ಮನೆಯ ಪರ ವಕೀಲರ ಕೆಲಸ ಶುರುಮಾಡುತ್ತದೆ.

ಇದರ ಜೊತೆಗೆ ನಿನ್ನ ಹಳೆಯ ಗಾಜಿನ ಗೋಲಿ ಕಳಿಸಿದ್ದೇನೆ. ಯಾವ ಮನೆಗೆ ಹೋದರೂ ನೆಲದ ಮೇಲಿಡು. ತಾನಾಗಿ ಉರುಳಿಕೊಂಡು ಮೂಲೆಗೆ ಹೋಯಿತೆಂದರೆ ಮನೆಯನ್ನು ಹೊತ್ತ ಕೆಳಗಿನ ಕಂಬ ಕುಸಿದಿದೆ. ಜಮಖಾನ ಇದ್ದರೆ ಅಂಚು ಎತ್ತು. ಗೋಡೆಯ ಬುಡದ ಹಲಗೆಯನ್ನು ನಾಣ್ಯದಿಂದ ಬಡಿ. ಕಾಗದದ ಡಬ್ಬಿಯ ಸದ್ದು ಬಂದರೆ ಗೆದ್ದಲು ಒಳಗಿನದನ್ನೆಲ್ಲ ತಿಂದು ಬಣ್ಣವನ್ನಷ್ಟೇ ಬಿಟ್ಟಿದೆ. ಬಣ್ಣ ಒಂದೇ ಗೋಡೆಗೆ ಹೊಸದಾಗಿದ್ದರೆ ಆ ಗೋಡೆಗೇನಾಗಿತ್ತು ಎಂದು ಕೇಳು. ಉತ್ತರ ಕೇಳಬೇಡ, ಹೇಳುವವನ ಮುಖ ನೋಡು.

ನನ್ನ ಸೊಂಟ ಹೀಗಾಗದಿದ್ದರೆ ನಾನೇ ಬರುತ್ತಿದ್ದೆ.

ನಿನ್ನ ದೊಡ್ಡಮ್ಮ,
ಮ್ಯಾವಿಸ್


ಬ್ರಿಸ್ಬೇನ್
24 ಆಗಸ್ಟ್ 1986

ಪ್ರೀತಿಯ ದೊಡ್ಡಮ್ಮ,

ನಿನ್ನ ಗೋಲಿಯಿಂದಾಗಿ ಏಜೆಂಟರೆಲ್ಲ ನನ್ನನ್ನು ಹುಚ್ಚಿ ಅಂದುಕೊಂಡಿದ್ದಾರೆ. ನಿನ್ನೆ ಒಂದು ಮನೆಯಲ್ಲಿ ಅದು ಹಜಾರದಿಂದ ಹೊರಟು, ಅಡುಗೆಮನೆ ದಾಟಿ, ಹಿಂದಿನ ಬಾಗಿಲಿನಿಂದ ಮೆಟ್ಟಿಲಿಗಿಳಿಯಿತು. ನಾನೂ ಅದರ ಹಿಂದೆಯೇ ಇಳಿದು, ಗೋಲಿ ಎತ್ತಿಕೊಂಡು ಮನೆಗೆ ಬಂದೆ.

ಇನ್ನೊಂದು ಮನೆಯಲ್ಲಿ ಪಿಯಾನೋವನ್ನು ಗೋಡೆಗೆ ಒತ್ತಿಟ್ಟಿದ್ದರು. ನುಡಿಸುವವರು ಯಾರೆಂದು ಕೇಳಿದೆ. ಮನೆಯಾಕೆ, "ಯಾರೂ ಇಲ್ಲ, ಅಂದಕ್ಕೆ ಇಟ್ಕೊಂಡಿದೀವಿ" ಅಂದಳು. ಸಂದಿಯಲ್ಲಿ ಕೈ ಹಾಕಿ ನೋಡಿದೆ, ಗೋಡೆ ಹಸಿ ಬ್ರೆಡ್ಡಿನ ಹಾಗಿತ್ತು. ಬೆರಳು ಒಳಕ್ಕೇ ಹೋಯಿತು.

ಮೊದಮೊದಲು ಮಜವಾಗಿತ್ತು. ಈಗ ಬೇಸರ ಬರುತ್ತಿದೆ ದೊಡ್ಡಮ್ಮ. ಆಸ್ಪತ್ರೆಯಲ್ಲಿ ರೋಗಿಗಳು ಚೆನ್ನಾಗಿದ್ದೇನೆ ಅಂದರೂ ನಾನು ಅವರ ಉಗುರಿನ ಬಣ್ಣ ನೋಡುತ್ತೇನೆ. ಶನಿವಾರವೂ ಅದೇ ಕೆಲಸವಾಯಿತು. ಯಾರಾದರೂ ಒಬ್ಬರು ನಿಜ ಹೇಳಿದರೆ ಅವರ ಮನೆ ಸೋರಿದರೂ ಕೊಂಡುಬಿಡುವೆ ಅನ್ನಿಸುತ್ತದೆ.

ನಿನಗೂ ಸೇರಿಸಿಯೇ ಹುಡುಕುತ್ತಿದ್ದೇನೆ, ಮರೆಯಬೇಡ. ಅಲ್ಲಿನ ಚಳಿಯಲ್ಲಿ, ಆ ಮೆಟ್ಟಿಲು ಹತ್ತಿ ಇಳಿದು, ಇನ್ನೆಷ್ಟು ದಿನ? ನನಗೆ ಅಪ್ಪ ಅಮ್ಮ ಇಲ್ಲದಾಗ ನಿನ್ನ ಹಿಂದಿನ ಕೋಣೆ ಕೊಟ್ಟೆ. ಈಗ ನನ್ನ ಮನೆಯ ಒಳ್ಳೆಯ ಕೋಣೆ ನಿನಗೆ.

ಡೆನೀಸ್


ಟೂವೂಂಬಾ
1 ಸೆಪ್ಟೆಂಬರ್ 1986

ಡೆನೀಸ್,

ಒಳ್ಳೆಯ ಕೋಣೆ ಎಂದರೆ ಯಾವುದು ಎಂದು ಆಮೇಲೆ ಜಗಳವಾಡೋಣ. ಬರುವುದಿಲ್ಲ ಅಂತ ನಾನೇನೂ ಹೇಳಿಲ್ಲ.

ಮನೆ ಹಿಡಿಸಿದರೆ, ಏಜೆಂಟ್ ಇಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯವರನ್ನು ಬೇಲಿಯ ಹತ್ತಿರ ಮಾತಿಗೆಳೆ. ಬಟ್ಟೆ ಒಣಹಾಕುವಾಗ ಮನುಷ್ಯರು ಹೆಚ್ಚು ಮಾತಾಡುತ್ತಾರೆ. ಮಳೆ ಬಂದ ಮಾರನೆಯ ದಿನ ಇನ್ನೊಮ್ಮೆ ಹೋಗಿ ನೋಡು.

ಹರಾಜಿಗೆ ಹೋದರೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಲ್ಲು. ಅಲ್ಲಿ ಸುತ್ತಿಗೆ ಬಿದ್ದರೆ ಮುಗಿಯಿತು, ಮನೆ ನಿನ್ನದು, ಹಿಂದೆ ಸರಿಯುವಂತಿಲ್ಲ. ನಮ್ಮ ಬೀದಿಯ ನೊರ್ಮಾ ನೊಣ ಓಡಿಸಲು ಕೈಯೆತ್ತಿ ಒಂದು ಕೋಳಿಮನೆ ಕೊಂಡಿದ್ದಳು.

ಮ್ಯಾವಿಸ್ ದೊಡ್ಡಮ್ಮ


ಬ್ರಿಸ್ಬೇನ್
14 ಸೆಪ್ಟೆಂಬರ್ 1986

ಪ್ರೀತಿಯ ದೊಡ್ಡಮ್ಮ,

ಸಿಕ್ಕಿತು. ನದಿಯ ತಿರುವಿನಲ್ಲಿ ಪೆಲಿಕನ್ ಸ್ಟ್ರೀಟ್ ಎಂಬ ಸಣ್ಣ ಬೀದಿ. ಕಂಬದ ಮೇಲೆ ನಿಂತ ಮರದ ಮನೆ, ತಗಡಿನ ಮಾಡು, ಮುಂದೆ ಅಗಲವಾದ ವರಾಂಡ, ಅಂಗಳದಲ್ಲಿ ಮಾವಿನ ಮರ. ಗೋಲಿ ಇಟ್ಟೆ, ಇಟ್ಟಲ್ಲೇ ಕುಳಿತಿತು. ನಾಣ್ಯದಿಂದ ಬಡಿದೆ, ಗಟ್ಟಿ ಮರದ ಸದ್ದು. ಕೇಕಿಲ್ಲ, ಪಿಯಾನೋ ಇಲ್ಲ, ಜಮಖಾನ ಇಲ್ಲ. ಮನೆಯ ಒಡತಿ, ಮುದುಕಿ ಮಿಸೆಸ್ ಟಲ್ಲಿ ವೃದ್ಧಾಶ್ರಮ ಸೇರಿದ್ದಾರೆ, ಮನೆ ಖಾಲಿ. ಏಜೆಂಟನ ಬಿಳಿ ಬೂಟು ನೋಡಿದರೆ ಒಂದು ಮಾತೂ ನಂಬಬಾರದೆನಿಸುತ್ತದೆ, ಹಾಗಾಗಿ ನಂಬಲಿಲ್ಲ.

ನೀನು ಹೇಳಿದಂತೆ ಬೇಲಿಯ ಹತ್ತಿರ ಹೋದೆ. ಪಕ್ಕದ ಮನೆಯ ಲೆಸ್ ಪೊಲಾಕ್ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬೇಲಿಯ ತುಂಬ ಸೀಮೆಬದನೆ ಬಳ್ಳಿ. ಕಾಯಿ ಕೀಳುತ್ತಿದ್ದರು. ನೇರವಾಗಿ ಕೇಳಿದೆ:

"ನದಿ ಇಷ್ಟು ಹತ್ರ ಇದೆಯಲ್ಲ, ಎಪ್ಪತ್ನಾಲ್ಕರ ಪ್ರವಾಹದಲ್ಲಿ ಇಲ್ಲಿಗೆ ನೀರು ಬಂದಿತ್ತಾ?"

"ಇಲ್ಲಿಗಾ? ಈ ಬೀದಿ ಒಣಗಿದ ಬೀದಿ ಕಣಮ್ಮ. ನೀರಿಲ್ಲ, ನದಿ ಗಾಳಿ ಮಾತ್ರ ಬರುತ್ತೆ. ಸಾಯಂಕಾಲ ವರಾಂಡದಲ್ಲಿ ಕೂತ್ಕೊಂಡು ನೋಡಿ, ಎದ್ದು ಹೋಗೋಕೆ ಮನಸ್ಸಾಗಲ್ಲ. ಸೀಮೆಬದನೆ ತಿಂತೀರಾ?"

ಬೇಡವೆಂದರೂ ಒಂದು ಚೀಲ ತುಂಬಿ ಕೊಟ್ಟರು. ಮೂರು ದಿನದಿಂದ ಅದನ್ನೇ ತಿನ್ನುತ್ತಿದ್ದೇನೆ.

ಇದನ್ನು ಕೇಳಿದರೆ ನಿನಗೂ ಇಷ್ಟವಾಗುತ್ತದೆ. ಮನೆಯ ಕೆಳಗೆ, ಕಂಬಗಳ ನಡುವೆ, ಗೋಡೆ ಕಟ್ಟಿ ಒಂದು ಕೋಣೆ ಮಾಡಿದ್ದಾರೆ. ತಂಪಾಗಿದೆ, ಮೆಟ್ಟಿಲಿಲ್ಲ. ಅಲ್ಲಿನ ಪ್ಲಗ್ಗುಗಳು ಬೇರೆ ಮನೆಗಳ ಹಾಗೆ ನೆಲದ ಹತ್ತಿರವಿಲ್ಲ, ಎಲ್ಲ ನನ್ನ ಎದೆಯ ಮಟ್ಟದಲ್ಲಿವೆ. ಮಿಸೆಸ್ ಟಲ್ಲಿಗೂ ಸೊಂಟ ನೋವಿತ್ತೋ ಏನೋ. ಕೆಟಲ್ ಹಾಕಲು, ರೇಡಿಯೋ ಹಾಕಲು ನೀನು ಬಗ್ಗಬೇಕಾಗಿಲ್ಲ. ನಿನಗೋಸ್ಕರವೇ ಮಾಡಿಸಿಟ್ಟ ಹಾಗಿದೆ.

ಹರಾಜು ಈ ಶನಿವಾರ, ಇಪ್ಪತ್ತನೆಯ ತಾರೀಕು. ಬ್ಯಾಂಕಿನವರು ಒಪ್ಪಿದ್ದಾರೆ. ನಾನು ಕೂಡಿಟ್ಟಿದ್ದೆಲ್ಲ ಇದಕ್ಕೇ.

ಡೆನೀಸ್


ಟೂವೂಂಬಾ
18 ಸೆಪ್ಟೆಂಬರ್ 1986, ಗುರುವಾರ

ಡೆನೀಸ್,

ನಿನ್ನ ಕಾಗದ ಈಗ ತಾನೇ ಬಂತು. ಡಲ್ಸಿಯ ಮನೆಗೆ ಹೋಗಿ ನಿನ್ನ ಬಾಡಿಗೆ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಆಸ್ಪತ್ರೆಗೂ ಮಾಡಿದೆ. ಯಾವ ವಾರ್ಡು ಎಂದರು, ನನಗೆ ಗೊತ್ತಿರಲಿಲ್ಲ. ಇದನ್ನು ಅಂಚೆಗೆ ಹಾಕಲು ಅವಳನ್ನೇ ಓಡಿಸುತ್ತಿದ್ದೇನೆ.

ಆ ಮನೆ ಕೊಳ್ಳಬೇಡ. ಮುಖವನ್ನೇ ನೋಡದ ದೊಡ್ಡಮ್ಮನಿಗಾಗಿ ಯಾರೂ ಎದೆಮಟ್ಟಕ್ಕೆ ಪ್ಲಗ್ಗು ಹಾಕಿಸುವುದಿಲ್ಲ. ಒಮ್ಮೆ ಪ್ಲಗ್ಗಿನೊಳಗೆ ನೀರು ಹೋಗಿದ್ದನ್ನು ಕಂಡವರು ಹಾಗೆ ಹಾಕಿಸುತ್ತಾರೆ. ನೀರು ಮತ್ತೆ ಬರುತ್ತದೆ ಎಂದು ಆಕೆಗೆ ಗೊತ್ತಿತ್ತು.

ಪಕ್ಕದ ಮನೆಯವರನ್ನು ಕೇಳು ಎಂದವಳು ನಾನೇ. ಮನೆಯವನು ಸುಳ್ಳು ಹೇಳಿದರೆ ಪಕ್ಕದವನು ನಿಜ ಹೇಳುತ್ತಾನೆಂದುಕೊಂಡಿದ್ದೆ. ಈ ಬೆಟ್ಟದ ಮೇಲೆ ಕುಳಿತವಳಿಗೆ ಗೆದ್ದಲು ಗೊತ್ತು, ನದಿ ಗೊತ್ತಿಲ್ಲ. ಗೆದ್ದಲು ಒಂದು ಮನೆಗೆ ಬರುತ್ತದೆ. ನೀರು ಬೀದಿಗೇ ಬರುತ್ತದೆ. ನಿನ್ನ ಮನೆಗೆ ಬಂದಿದ್ದರೆ ಲೆಸ್ ಪೊಲಾಕನ ಮನೆಗೂ ಬಂದಿದೆ, ಅವನೂ ಒಂದು ದಿನ ಮಾರಬೇಕು. ಅದಿರಲಿ, ಒಣಗಿದ ಜಾಗಕ್ಕೆ ಯಾರು ಪೆಲಿಕನ್ ಎಂದು ನೀರುಹಕ್ಕಿಯ ಹೆಸರಿಡುತ್ತಾರೆ?

ಶನಿವಾರ ಕೈ ಜೇಬಿನಲ್ಲಿರಲಿ.

ಮ್ಯಾವಿಸ್


ಬ್ರಿಸ್ಬೇನ್
23 ಸೆಪ್ಟೆಂಬರ್ 1986

ಪ್ರೀತಿಯ ದೊಡ್ಡಮ್ಮ,

ನಿನ್ನ ಕಾಗದ ಸೋಮವಾರ ಬಂತು.

ಮನೆ ನನ್ನದಾಯಿತು. ಬೀದಿಯವರೆಲ್ಲ ಕಾಲುದಾರಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತಿಗೆ ಬಿದ್ದಾಗ ಚಪ್ಪಾಳೆ ತಟ್ಟಿದರು. ಲೆಸ್ ನನ್ನ ಬೆನ್ನು ತಟ್ಟಿದರು. ಅವರ ಹೆಂಡತಿ ನೋಲಾ ಮಾತ್ರ ಒಳಗೆ ಹೋದರು. ಬಿಸಿಲಿಗೆ ತಲೆನೋವು ಇರಬೇಕು.

ನೀನು ಸುಮ್ಮನೆ ಹೆದರುತ್ತೀಯ. ಈಗ ನದಿಯ ಮೇಲ್ಗಡೆ ದೊಡ್ಡ ಅಣೆಕಟ್ಟು ಕಟ್ಟಿದ್ದಾರೆ. ಎಪ್ಪತ್ತನಾಲ್ಕು ಇನ್ನೊಮ್ಮೆ ಆಗುವುದಿಲ್ಲ ಎಂದು ಈ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಪ್ಲಗ್ಗಿನ ವಿಷಯ ಬಿಡು.

ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆಯಲೇ?

ಡೆನೀಸ್


ಟೂವೂಂಬಾ
29 ಸೆಪ್ಟೆಂಬರ್ 1986

ಡೆನೀಸ್,

ಮನೆ ನಿನಗೆ ಒಳ್ಳೆಯದು ಮಾಡಲಿ. ಪರದೆಗೆ ಬಟ್ಟೆ ಕಳಿಸಿದ್ದೇನೆ.

ಹೊಸ ಬಣ್ಣ ಹೊಡೆಯುವ ಮೊದಲು ಹಳೆಯ ಬಣ್ಣದ ಹಿಂದೆ ಏನಿದೆ ನೋಡು.

ಮ್ಯಾವಿಸ್


ಬ್ರಿಸ್ಬೇನ್
16 ನವೆಂಬರ್ 1986

ದೊಡ್ಡಮ್ಮ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ನಾಚಿಕೆಯಾಗುತ್ತಿತ್ತು.

ಮನೆಗೆ ಬಂದ ಮೇಲೆ ಕೆಳಗಿನ ಕೋಣೆಯ ಕಡೆ ನಾನು ನೋಡಲೇ ಇಲ್ಲ. ಬೀಗ ಹಾಕಿ ಮೇಲೆಯೇ ಇದ್ದೆ. ಕಳೆದ ವಾರ ಮೇಲೆ, ನನ್ನ ಮಲಗುವ ಕೋಣೆಯಲ್ಲಿ, ಫ್ಯಾನಿನ ಸ್ವಿಚ್ಚು ಕೆಟ್ಟಿತು. ತಿರುಪು ಬಿಚ್ಚಿ ಮುಚ್ಚಳ ತೆಗೆದೆ. ಒಳಗಿನಿಂದ ಒಣಗಿದ ಮಣ್ಣು ಉದುರಿತು. ಬೂದು ಬಣ್ಣದ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಮಣ್ಣು, ಅಂಗೈ ತುಂಬ. ಮೂಸಿ ನೋಡಿದೆ, ನದಿಯ ವಾಸನೆ. ಕುರ್ಚಿ ಹತ್ತಿ ಬಾಗಿಲ ಚೌಕಟ್ಟಿನ ಮೇಲ್ಭಾಗ ಸವರಿದೆ. ಅಲ್ಲಿಯೂ ಅದೇ. ಕೆಳಗಲ್ಲ ದೊಡ್ಡಮ್ಮ, ಮೇಲೆ. ನಾನು ತಲೆಯಿಟ್ಟು ಮಲಗುವ ಜಾಗದ ಮೇಲೆ.

ಮಣ್ಣನ್ನು ತಟ್ಟೆಯಲ್ಲಿ ಹಾಕಿಕೊಂಡು ಬೇಲಿಯ ಹತ್ತಿರ ಹೋದೆ. ಲೆಸ್ ಅದನ್ನು ನೋಡಿ ಸೀಮೆಬದನೆಯ ಬುಟ್ಟಿ ಕೆಳಗಿಟ್ಟರು.

"ಒಣಗಿದ ಬೀದಿ ಅಂದ್ರಲ್ಲ," ಅಂದೆ.

"ಈಗ ಒಣಗಿದೆಯಲ್ಲಮ್ಮ."

"ಹುಡುಗಾಟ ಆಡ್ಬೇಡಿ. ನಾನು ಬಾಯಿ ಬಿಟ್ಟು ಕೇಳಿದ್ದೆ ನಿಮ್ಮನ್ನ."

ತಟ್ಟೆಯ ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಹೇಳಿದರು: "ನೀರಿಳಿದ ಮೇಲೆ ನಾವೆಲ್ಲ ಸೇರಿ ಕೆಸರು ಬಾಚಿದ್ವಿ. ಕಾರ್ಪೊರೇಷನ್ನಿನವ್ರು ನೀರು ಎಲ್ಲಿವರೆಗೆ ಬಂತು ಅಂತ ಲೈಟು ಕಂಬಕ್ಕೆ ಪಟ್ಟೆ ಬಳಿದು ಹೋದ್ರು. ಅದರ ಮೇಲೆ ನಾವು ಬಣ್ಣ ಹೊಡೆದ್ವಿ. ಯಾರೂ ಮೀಟಿಂಗ್ ಮಾಡ್ಲಿಲ್ಲ, ಯಾರೂ ಆಣೆ ಇಡ್ಲಿಲ್ಲ. ಆದ್ರೆ ಯಾರೂ ಹೇಳಲ್ಲ. ಒಬ್ರು ಬಾಯಿ ಬಿಟ್ರೆ ಎಲ್ರ ಮನೆನೂ ಮುಳುಗುತ್ತೆ, ಮಳೆ ಇಲ್ದೇನೇ. ನಮಗಿರೋದು ಈ ಮನೆ ಒಂದೇ ಕಣಮ್ಮ. ಈಗ ನಿಮಗೂ ಅಷ್ಟೇ."

ಮಣ್ಣಿನ ತಟ್ಟೆ ಹಿಡಿದುಕೊಂಡು ಮನೆಗೆ ಬಂದೆ. ಮಾರನೆಯ ದಿನ ನನ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಒಂದು ಚೀಲ ಸೀಮೆಬದನೆ ಇತ್ತು. ಕ್ಷಮೆ ಕೇಳಿದ್ದೋ, ನಮ್ಮವಳಾದೆ ಎಂದು ಸೇರಿಸಿಕೊಂಡಿದ್ದೋ, ಗೊತ್ತಾಗಲಿಲ್ಲ. ಈಗ ಬೀದಿಯಲ್ಲಿ ಯಾರು ನಕ್ಕರೂ ಇವರ ನಗುವಿನ ಹಿಂದೆ ಎಲ್ಲಿಯವರೆಗೆ ಕೆಸರಿದೆಯೋ ಎಂದು ನೋಡುತ್ತೇನೆ.

ಕ್ರಿಸ್‌ಮಸ್ಸಿಗೆ ನೀನು ಬರಬೇಡ. ಆ ಕೋಣೆಯಲ್ಲಿ ನಿನ್ನನ್ನು ಮಲಗಿಸುವುದಿಲ್ಲ.

ಡೆನೀಸ್


ಟೂವೂಂಬಾ
22 ನವೆಂಬರ್ 1986

ಮಗಳೇ,

ನಾನು ಹೇಳಿರಲಿಲ್ಲವೇ ಅಂತ ಹೇಳುವ ಆಸೆಯನ್ನು ನುಂಗಿಕೊಂಡಿದ್ದೇನೆ. ನನಗೆ ಅದೆಷ್ಟು ಕಷ್ಟ ಎಂದು ನಿನಗೆ ಗೊತ್ತು.

ನೀನು ಮೋಸ ಹೋದೆ, ಅದಕ್ಕೆ ನಾಚಿಕೆ ಬೇಡ. ಮೋಸ ಹೋಗುವುದು ಯಾರಿಗೂ ಆಗುತ್ತದೆ. ಲೆಸ್ ಪೊಲಾಕ್ ಹೇಳಿದ ಕೊನೆಯ ಮಾತಿದೆಯಲ್ಲ, ಈಗ ನಿಮಗೂ ಅಷ್ಟೇ ಎಂದಿದ್ದು, ನನಗೆ ಅದರ ಮೇಲೇ ಅನುಮಾನ.

ಮ್ಯಾವಿಸ್ ದೊಡ್ಡಮ್ಮ


ಬ್ರಿಸ್ಬೇನ್
8 ಫೆಬ್ರವರಿ 1987

ದೊಡ್ಡಮ್ಮ,

ನನ್ನ ಇನ್ನೊಂದು ಪಕ್ಕದ ಮನೆ ಮಾರಾಟಕ್ಕೆ ಬಂದಿದೆ. ಅದೇ ಬಿಳಿ ಬೂಟಿನ ಏಜೆಂಟ್. ನಿನ್ನೆ ಜನ ನೋಡಲು ಬಂದಿದ್ದರು. ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಹಿಂದಕ್ಕೆ ಬಂದಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ಹೆಸರು ಕಾರ್ಲಾ, ತುಂಬು ಬಸುರಿ. ಗಂಡ ಕಾರಿನಲ್ಲಿ ಕಾಯುತ್ತಿದ್ದ. ಬೇಲಿಗೆ ಕೈಯೂರಿ ಕೇಳಿದಳು:

"ಒಂದು ಮಾತು ಕೇಳ್ಲಾ? ಕೊಳ್ಳೋ ಮುಂಚೆ ಪಕ್ಕದವರನ್ನ ಕೇಳು ಅಂದ್ರು ನಮ್ಮಮ್ಮ. ಇಲ್ಲಿಗೆ ನೀರು ಬರುತ್ತಾ?"

ನನ್ನ ಇನ್ನೊಂದು ಬದಿಯ ಬೇಲಿಯಾಚೆ ಲೆಸ್ ಪೈಪಿನಿಂದ ಗಿಡಕ್ಕೆ ನೀರು ಹಾಕುತ್ತಿದ್ದರು. ನೀರು ಒಂದೇ ಗಿಡದ ಬುಡಕ್ಕೆ ಸುರಿಯುತ್ತಿತ್ತು.

"ಒಣಗಿದ ಬೀದಿ ಇದು," ಅಂದೆ. "ನದಿ ಗಾಳಿ ಮಾತ್ರ ಬರುತ್ತೆ."

"ಅಬ್ಬ, ಸದ್ಯ," ಅಂದಳು. "ಕೆಳಗಿನ ರೂಮು ಮಗೂಗೆ ಅಂತ ಅಂದ್ಕೊಂಡಿದೀವಿ."

ನಗುತ್ತಾ ಹೋದಳು. ನಾನೂ ನಕ್ಕೆ. ಕಲಿಯಲು ಕಷ್ಟವೇನೂ ಆಗಲಿಲ್ಲ ದೊಡ್ಡಮ್ಮ, ಬಾಯಿಪಾಠ ಮಾಡಿಕೊಂಡಂತೆ ಬಂತು. ನನ್ನದೇನು ತಪ್ಪು? ನನಗೆ ಯಾರು ಹೇಳಿದರು? ನಿಜ ಹೇಳಿದರೆ ನನ್ನ ಮನೆಯನ್ನು ಮುಂದೆ ಯಾರು ಕೊಳ್ಳುತ್ತಾರೆ? ಅಣೆಕಟ್ಟೂ ಇದೆಯಲ್ಲ.

ಹರಾಜು ಇಪ್ಪತ್ತೊಂದಕ್ಕೆ. ನಾನು ಅಂದು ಡ್ಯೂಟಿ ಕೇಳಿಕೊಂಡಿದ್ದೇನೆ.

ಡೆನೀಸ್


ಟೂವೂಂಬಾ
12 ಫೆಬ್ರವರಿ 1987

ಡೆನೀಸ್,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಇಂದೂ ಇದ್ದೇನೆ, ಆದರೆ ಬರೆಯುವಷ್ಟು ಇಳಿದಿದೆ.

ನಿನ್ನದೇನು ತಪ್ಪು ಎಂದು ಕೇಳಿದ್ದೀಯ. ಆ ಹುಡುಗಿಗೆ ಸುಳ್ಳು ಹೇಳಿದ್ದು ತಪ್ಪು. ಅಣೆಕಟ್ಟಿನ ಮೇಲೆ ಅಷ್ಟು ನಂಬಿಕೆಯಿದ್ದರೆ ಕೆಳಗಿನ ಕೋಣೆಯಲ್ಲಿ ನನ್ನನ್ನೇಕೆ ಮಲಗಿಸುವುದಿಲ್ಲ? ನಿನ್ನ ದೊಡ್ಡಮ್ಮ ಮಲಗಬಾರದ ಕಡೆ ಅವಳ ಮಗು ಮಲಗಬಹುದೇ?

ಇಷ್ಟು ವರ್ಷ ನಿನಗೆ ಅನುಮಾನಪಡುವುದನ್ನು ಕಲಿಸಿದೆ. ಎಲ್ಲರನ್ನೂ ಅನುಮಾನಿಸು ಎಂದೆ. ನಿನ್ನನ್ನು ಮಾತ್ರ ನಾನು ಯಾವತ್ತೂ ಅನುಮಾನಿಸಿರಲಿಲ್ಲ. ಈಗ ನಿನ್ನ ಕಾಗದ ಬಂದರೆ ಇದರಲ್ಲಿ ಯಾವ ಸಾಲಿಗೆ ಹೊಸ ಬಣ್ಣ ಹೊಡೆದಿದ್ದಾಳೆ ಎಂದು ಹುಡುಕುತ್ತೇನೆ. ನನಗೆ ಇದು ಬೇಡ ಮಗಳೇ. ಈ ವಯಸ್ಸಿನಲ್ಲಿ ನಂಬುವುದಕ್ಕೆ ನನಗೆ ಇರುವವಳು ನೀನೊಬ್ಬಳೇ.

ಡ್ಯೂಟಿ ಬದಲಿಸಿಕೋ.

ಮ್ಯಾವಿಸ್


ಬ್ರಿಸ್ಬೇನ್
22 ಫೆಬ್ರವರಿ 1987

ಪ್ರೀತಿಯ ದೊಡ್ಡಮ್ಮ,

ಡ್ಯೂಟಿ ಬದಲಿಸಿಕೊಂಡೆ.

ಕಾರ್ಲಾಳ ವಿಳಾಸ ಕೊಡಿ ಎಂದು ಏಜೆಂಟನನ್ನು ಮೊದಲೇ ಕೇಳಿದ್ದೆ, ಕೊಡಲಿಲ್ಲ. ಹಾಗಾಗಿ ನಿನ್ನೆ ಹರಾಜಿಗೇ ಹೋದೆ. ಮತ್ತೆ ಅವೇ ಮಡಚುವ ಕುರ್ಚಿಗಳು. ನೋಲಾ ಎಲ್ಲರಿಗೂ ತಣ್ಣನೆಯ ಶರಬತ್ತು ಕೊಡುತ್ತಿದ್ದರು. ಕಾರ್ಲಾ ಮುಂದಿನ ಸಾಲಿನಲ್ಲಿ ಗಂಡನ ತೋಳು ಹಿಡಿದು ನಿಂತಿದ್ದಳು. ಏಜೆಂಟ್ ಮನೆಯನ್ನು ಹೊಗಳಿ ಮುಗಿಸಿ, ವಾಡಿಕೆಯಂತೆ, "ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ? ಇಲ್ಲ ತಾನೇ?" ಎಂದು ಉಸಿರು ಬಿಡದೆ ಮೊದಲ ಕೂಗಿಗೆ ಹೋದ. ನಾನು ಬಾಯಿ ತೆರೆಯುವಷ್ಟರಲ್ಲಿ ಕೂಗು ಶುರುವಾಗಿತ್ತು. ಜೇಬಿನಿಂದ ಕೈ ತೆಗೆದು ಮೇಲೆತ್ತಿದೆ.

"ಇಗೋ, ನೀಲಿ ಫ್ರಾಕಿನ ಮೇಡಂ ಶುರು ಮಾಡಿದ್ರು," ಎಂದ ಏಜೆಂಟ್. "ಒಂದು ಮನೆ ಸಾಲ್ಲಿಲ್ಲ ಅಂತ ಕಾಣುತ್ತೆ."

ಎಲ್ಲರೂ ನಕ್ಕರು. ನಿನ್ನ ನೊರ್ಮಾ ನೆನಪಾಗಿ ಕೈ ಕೆಳಗಿಳಿಸಿದೆ.

"ನಾನು ಕೂಗ್ತಿಲ್ಲ, ಕೇಳ್ತಿದೀನಿ," ಅಂದೆ. "ಎಪ್ಪತ್ನಾಲ್ಕರಲ್ಲಿ ಈ ಮನೆಗೆ ನೀರು ಎಲ್ಲಿವರೆಗೆ ಬಂದಿತ್ತು?"

ನಗು ನಿಂತಿತು. ಏಜೆಂಟ್, ನನಗೆ ಅಂಥ ಮಾಹಿತಿ ಇಲ್ಲ, ಹಳೆಯ ಕಥೆ, ಅಣೆಕಟ್ಟು, ಎಂದು ಏನೇನೋ ಅಂದ. ನಾನು ಅವನನ್ನು ನೋಡಲೇ ಇಲ್ಲ. ಲೆಸ್ ಅವರನ್ನು ನೋಡಿದೆ.

"ಇಲ್ಲಿರೋರಿಗೆಲ್ಲ ಗೊತ್ತು," ಅಂದೆ. "ನನ್ನ ಮನೇಲಿ ಬಾಗಿಲ ಮೇಲೆ ಇನ್ನೂ ಮಣ್ಣಿದೆ. ಬೇಕಾದವ್ರು ಬಂದು ಕುರ್ಚಿ ಹತ್ತಿ ನೋಡ್ಬಹುದು."

ಲೆಸ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಉತ್ತರ ಕೊಟ್ಟವರು ನೋಲಾ. ಶರಬತ್ತಿನ ಜಗ್ಗು ಕೈಯಲ್ಲೇ ಇತ್ತು.

"ಕಿಟಕಿ ಮುಳುಗಿತ್ತು ಕಣಮ್ಮ," ಎಂದರು ಕಾರ್ಲಾಗೆ. "ಮೇಲಿನ ಕಿಟಕಿ. ನಾವು ಮಾಡಿನ ಮೇಲೆ ಕೂತಿದ್ವಿ. ದೋಣಿ ಬರೋವರೆಗೆ."

ಹರಾಜು ನಿಂತಿತು. ಯಾರೂ ಕೂಗಲಿಲ್ಲ. ಕುರ್ಚಿ ಮಡಚಿಕೊಂಡು ಎಲ್ಲರೂ ಒಳಗೆ ಹೋದರು. ಕಾರ್ಲಾ ನನ್ನ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ.

"ಅವತ್ತು ಬೇರೆ ಹೇಳಿದ್ರಲ್ಲ," ಅಂದಳು.

"ಹೌದು. ಸುಳ್ಳು ಹೇಳಿದ್ದೆ."

ನನ್ನ ಮುಖವನ್ನೊಮ್ಮೆ ನೋಡಿ ಕಾರು ಹತ್ತಿದಳು. ಅವಳು ಕೋಪಿಸಿಕೊಂಡಿದ್ದು ಸರಿಯೇ. ಆದರೂ ಕಾರು ತಿರುವು ದಾಟುವವರೆಗೆ ನಿಂತು ನೋಡಿದೆ. ನನಗೆ ಅಳು ಬಂತು, ಯಾಕೆಂದರೆ ಸಮಾಧಾನವಾಗಿತ್ತು.

ಇಂದು ಬೆಳಗ್ಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಲೆಸ್ ವಾರವಾರವೂ ಇಡುವ ಸೀಮೆಬದನೆ ಇರಲಿಲ್ಲ. ಇಷ್ಟು ತಿಂಗಳಲ್ಲಿ ಇದೇ ಮೊದಲು. ಇನ್ನು ಈ ಬೀದಿಯಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ, ನನ್ನ ಮನೆಯನ್ನೂ ಯಾರೂ ಕೊಳ್ಳುವುದಿಲ್ಲ. ನಾನು ಇಲ್ಲೇ ಇರುವವಳು ಎಂದಾಯಿತು.

ಹಾಗಾಗಿ ನೀನು ಬಾ ದೊಡ್ಡಮ್ಮ. ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ ಹಾಕಿಸುತ್ತೇನೆ. ಮೇಲಿನ ಮುಂದಿನ ಕೋಣೆ ನಿನ್ನದು, ವರಾಂಡಕ್ಕೆ ತೆರೆದುಕೊಳ್ಳುತ್ತದೆ. ಗಾಳಿ ಬರುತ್ತದೆ, ಅದೊಂದು ಮಾತ್ರ ಅವರು ನಿಜ ಹೇಳಿದ್ದರು. ಮಳೆ ಜೋರಾದರೆ ಅಂದೇ ನಿನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತುತ್ತೇನೆ, ಯಾವ ಅಣೆಕಟ್ಟಿನ ಮಾತೂ ಕೇಳುವುದಿಲ್ಲ.

ಮೇಲಿನ ಪ್ಲಗ್ಗುಗಳೆಲ್ಲ ನೆಲದ ಹತ್ತಿರ ಇವೆ. ಬಗ್ಗುವ ಕೆಲಸ ನನಗೆ ಬಿಡು.

ನಿನ್ನ
ಡೆನೀಸ್